ಗ್ರೀನ್‌ಲಾ ಕಂಡ ಹಂಪೆ

ಹಂಪೆಯ ಚರಿತ್ರೆಯನ್ನು ಅರಿಯಲು ನಮಗೆ ಶಾಸನಗಳಿವೆ, ಪರದೇಶದ ಪ್ರವಾಸಿಗರ ಬರಹಗಳಿವೆ. 1799ರಲ್ಲಿ ಕಾಲಿನ್ ಮೆಕೆಂಜಿ ಅವರು ಅಲ್ಲಿನ ಅವಶೇಷಗಳ ಮೋಜಣಿ ಮಾಡಿಸಿದರು. 1900ರಲ್ಲಿ ರಾಬರ್ಟ್ ಸ್ಯೂವೆಲ್ ಅವರು ವಿಜಯನಗರದ ಇತಿಹಾಸವನ್ನು ಗ್ರಂಥರೂಪದಲ್ಲಿ ಹೊರತಂದರು. ಇವೆರಡರ ನಡುವೆ, 1856ರಲ್ಲಿ, ಇನ್ನೊಂದು ಬಗೆಯ ದಾಖಲೆ ಸಿದ್ಧವಾಯಿತು. ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಅವರು ಹಂಪೆಯ ಗುಡಿಗೋಪುರಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದರು. ಹಂಪೆಯ ಅತಿ ಹಳೆಯ ಛಾಯಾಚಿತ್ರಗಳ ಸಾಲಿಗೆ ಇವು ಸೇರುತ್ತವೆ.

ಅಂದು ಚಿತ್ರವನ್ನು ಹಿಗ್ಗಿಸಿ ಅಚ್ಚುಹಾಕುವುದು ರೂಢಿಯಲ್ಲಿರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ. ದೊಡ್ಡ ಚಿತ್ರವನ್ನು ಬಯಸಿದವರು ದೊಡ್ಡ ಕ್ಯಾಮೆರಾವನ್ನೇ ಸಾಗಿಸಬೇಕಾಗಿತ್ತು. ಗ್ರೀನ್‌ಲಾ ಅವರ ನೆಗೆಟಿವ್‌ಗಳು ಸುಮಾರು 16 ಅಂಗುಲಕ್ಕೆ 18 ಅಂಗುಲ ಅಳತೆಯವು. ಅವು ಗಾಜಿನವಲ್ಲ, ಕಾಗದದವು. ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಬಿಂಬ ಮೂಡುತ್ತಿತ್ತು. ಬೆಳಕು ಹಾಯಲೆಂದು ಆ ಕಾಗದಕ್ಕೆ ಮೇಣ ಹಿಡಿಸುತ್ತಿದ್ದರು. ಇಂಥ ಕ್ಯಾಮೆರಾದ ಹಿಂಬದಿಯ ಮಸುಕುಗಾಜಿನ ಮೇಲೆ ದೃಶ್ಯವು ತಲೆಕೆಳಗಾಗಿ ಕಾಣುತ್ತದೆ. ಕಪ್ಪು ಬಟ್ಟೆಯ ಮರೆಯಲ್ಲಿ ಅದನ್ನು ನೋಡಿ, ಚೌಕಟ್ಟನ್ನು ನಿಶ್ಚಯಿಸಿ, ಬಳಿಕ ಕಾಗದವನ್ನು ಬೆಳಕಿಗೆ ಒಡ್ಡಬೇಕು.

ಈ ಕಾಗದಕ್ಕೆ ಬೆಳಕು ತಾಗಲು ನಿಮಿಷಗಳೇ ಹಿಡಿಯುತ್ತಿದ್ದವು. ಆದ್ದರಿಂದ ನಡೆದಾಡುವ ಜನರೂ ದನಕರುಗಳೂ ಚಿತ್ರದಲ್ಲಿ ಮೂಡದೆ ಹೋಗುವುದು ಸಹಜ. ನೀಲಿ ಬಣ್ಣಕ್ಕೆ ಅದು ಬೇಗ ಸ್ಪಂದಿಸುತ್ತಿದ್ದುದರಿಂದ ಆಕಾಶ ಬರಿಯ ಬಿಳುಪಾಗಿ ಉಳಿಯುತ್ತಿತ್ತು. ಹಂಪೆ ನಿರ್ಜನವಾದ ಹಾಳೂರೆಂಬ ಭಾವನೆ ಇಂಥ ಚಿತ್ರಗಳಿಂದ ಬಂದರೆ, ಅದಕ್ಕೆ ಊರಿನ ಸ್ಥಿತಿಯಷ್ಟೇ ಅಲ್ಲ, ಕಾಗದದ ಗುಣವೂ ಕಾರಣವೆಂಬುದನ್ನು ನಾವು ಮರೆಯಬಾರದು.

ಆದರೆ ಕದಲದೆ ನಿಂತ ಕಲ್ಲಿನ ವಿಷಯದಲ್ಲಿ ಈ ಕ್ಯಾಮೆರಾ ನಂಬಿಕೆಯ ಸಾಕ್ಷಿ. ವಿಠ್ಠಲ ದೇವಾಲಯದ ಕಲ್ಲಿನ ತೇರನ್ನು ಬಲ್ಲದ ಕನ್ನಡಿಗರಿಲ್ಲ. ಗ್ರೀನ್‌ಲಾ ಅವರ ಚಿತ್ರದಲ್ಲಿ ಆ ತೇರಿನ ಮೇಲೆ ಇಟ್ಟಿಗೆಗಾರೆಯ ಶಿಖರವೊಂದಿದೆ. ಶಿಥಿಲಗೊಂಡ ಆ ಶಿಖರವನ್ನು ಆನಂತರ ತೆಗೆದುಹಾಕಲಾಯಿತು. ಇಂದು ನಾವು ಪೂರ್ಣವೆಂದು ತಿಳಿದಿರುವ ರೂಪ ವಾಸ್ತವದಲ್ಲಿ ತಲೆಯಿಲ್ಲದ ರೂಪ. ಶಿಖರ ಮುಂದೆ ಅಳಿದೀತೆಂದು ಗ್ರೀನ್‌ಲಾ ಅದನ್ನು ಚಿತ್ರಿಸಲಿಲ್ಲ. ಎದುರಿಗಿದ್ದುದರಿಂದ ಅದು ಮೂಡಿತು, ಅಷ್ಟೇ. ಒಳ್ಳೆಯ ದಾಖಲೆಯ ಲಕ್ಷಣವೇ ಇದು: ಮಾಡಿದವರು ಉದ್ದೇಶಿಸದ ವಿಷಯವನ್ನೂ ಅದು ಮುಂದಿನವರಿಗೆ ತಿಳಿಸುತ್ತದೆ.

ಬಹುಕಾಲ ಮರೆಯಲ್ಲಿದ್ದ ಈ ನೆಗೆಟಿವ್‌ಗಳು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಮತ್ತೆ ವಿದ್ವಾಂಸರ ಗಮನಕ್ಕೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ಸ್ಥಾನಗಳನ್ನು ಹುಡುಕಿ, ಅದೇ ದೃಶ್ಯಗಳನ್ನು ಮರಳಿ ತೆಗೆದರು. 127 ವರ್ಷಗಳ ಅಂತರದ ಎರಡು ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದರೆ ಬಿದ್ದುದು ಯಾವುದು, ಉಳಿದುದು ಯಾವುದು ಎಂಬುದು ವಾದವಿಲ್ಲದೆ ತಿಳಿಯುತ್ತದೆ.

ಗಡಿನಾಡಿನವರಾದ ನಮಗೆ ಇದರಲ್ಲೊಂದು ಪಾಠವಿದೆ. ಗ್ರೀನ್‌ಲಾ ಚಿತ್ರ ತೆಗೆದಾಗ ಹಂಪೆ, ಆದೋನಿ, ರಾಯದುರ್ಗಗಳು ಬಳ್ಳಾರಿಯ ಒಂದೇ ಆಡಳಿತಕ್ಕೆ ಸೇರಿದ್ದವು. 1953ರಲ್ಲಿ ಆ ಜಿಲ್ಲೆ ಇಬ್ಭಾಗವಾಗಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಗೆರೆ ಬದಲಾಯಿತು, ನೆಲವೂ ನೆಲದ ಮೇಲಿನ ಕನ್ನಡ ಶಾಸನಗಳೂ ಇದ್ದಲ್ಲಿಯೇ ಉಳಿದವು. ಹಂಪೆಗೊಬ್ಬ ಗ್ರೀನ್‌ಲಾ ದೊರೆತರು. ನಮ್ಮ ಊರಿನ ಕೋಟೆ, ಕೆರೆಯ ಏರಿ, ಕನ್ನಡ ಶಾಲೆಯ ಹಳೆಯ ಕಟ್ಟಡಗಳಿಗೆ ಅಂಥ ಭಾಗ್ಯ ಒದಗಿದ್ದು ವಿರಳ. ಅವುಗಳ ಚಿತ್ರ ಉಳಿದಿದ್ದರೆ ಅದು ನಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿಯೇ. ಅಂಥ ಒಂದೊಂದು ಚಿತ್ರದ ಬೆನ್ನಿಗೂ ಊರು, ವರ್ಷ, ತೆಗೆದ ಸ್ಥಳಗಳನ್ನು ಹಿರಿಯರಿಂದ ಕೇಳಿ ಬರೆದಿಡೋಣ. ಎಲ್ಲಿ ನಿಂತು ತೆಗೆದದ್ದೆಂದು ತಿಳಿದರೆ, ನಾಳೆ ನಮ್ಮ ಮಕ್ಕಳು ಅಲ್ಲಿಯೇ ನಿಂತು ನೋಡಬಲ್ಲರು.