ಗ್ರೀನಿಚ್ ಉದ್ಯಾನದಲ್ಲಿ ಒಂದು ದಿನ

ಭೂಗೋಲದ ಪಾಠ ಹೇಳುವ ನಮ್ಮಂತಹವರ ಬಾಯಲ್ಲಿ ಗ್ರೀನಿಚ್ ಎಂಬ ಹೆಸರು ವರ್ಷಕ್ಕೊಮ್ಮೆಯಾದರೂ ಬಾರದೆ ಇರುವುದಿಲ್ಲ. ಗೋಲದ ಮೇಲೆ ಬೆರಳಿಟ್ಟು, 'ಇದು ಸೊನ್ನೆ ಡಿಗ್ರಿ ರೇಖಾಂಶ' ಎಂದು ತೋರಿಸಿ ಮುಂದಿನ ಪಾಠಕ್ಕೆ ಸಾಗುತ್ತೇವೆ. ಕಾಸರಗೋಡು ಸೀಮೆಯ ನನ್ನ ಶಾಲೆಯಲ್ಲಿ ಒಮ್ಮೆ ಹುಡುಗನೊಬ್ಬನು ಎದ್ದುನಿಂತು, "ಮಾಸ್ಟ್ರೇ, ನಾವು ವಿಟ್ಲದ ಅಜ್ಜಿಮನೆಗೆ ಹೋಗುವಾಗ ಗಡಿ ದಾಟುತ್ತೇವಲ್ಲ, ಅಲ್ಲಿ ಗೆರೆಯೇ ಕಾಣುವುದಿಲ್ಲ. ಈ ಗೆರೆಯಾದರೂ ನೆಲದ ಮೇಲೆ ಉಂಟೋ?" ಎಂದು ಕೇಳಿದನು. ನಾನು ಉತ್ತರಿಸಲಾರದೆ ಹೋದೆನು. ನಿವೃತ್ತನಾದ ಮೇಲೆ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಆ ಪ್ರಶ್ನೆಗಾಗಿ ಒಂದು ದಿನವನ್ನು ಮೀಸಲಿಟ್ಟೆನು.

ಬೆಳಿಗ್ಗೆ ವೆಸ್ಟ್‌ಮಿನ್‌ಸ್ಟರಿನಲ್ಲಿ ದೋಣಿ ಹತ್ತಿ ಥೇಮ್ಸ್ ನದಿಯಲ್ಲಿ ಪೂರ್ವಕ್ಕೆ ಹೊರಟೆವು. ಗ್ರೀನಿಚ್ ಸಮೀಪಿಸಿದಂತೆ 'ಕಟಿ ಸಾರ್ಕ್' ಎಂಬ ಹಾಯಿಹಡಗಿನ ಕಂಬಗಳು ಗೋಚರಿಸಿದುವು. ಚೀನಾದೇಶದ ಚಹಾ ತರಲೆಂದು 1869ರಲ್ಲಿ ಕಟ್ಟಿದ ಹಡಗಿದು. ಅದೇ ವರ್ಷ ಸುಯೆಜ್ ಕಾಲುವೆ ತೆರೆಯಿತು. ಉಗಿಹಡಗುಗಳು ಚಹಾದ ವ್ಯಾಪಾರವನ್ನು ಕಸಿದುಕೊಂಡುವು. ಆಸ್ಟ್ರೇಲಿಯಾದ ಉಣ್ಣೆ ಹೊತ್ತು ಬಾಳಿದ ಈ ಹಡಗು 1954ರಲ್ಲಿ ಇಲ್ಲಿಗೆ ಬಂದಿತು. 2007ರಲ್ಲಿ ಬೆಂಕಿಗೆ ತುತ್ತಾಗಿ, ದುರಸ್ತಿಗೊಂಡು 2012ರಲ್ಲಿ ಮತ್ತೆ ಪ್ರೇಕ್ಷಕರಿಗೆ ತೆರೆಯಿತು.

ದಡದಿಂದ ಗುಡ್ಡದವರೆಗೆ ಹಬ್ಬಿದ ಈ ಸ್ಥಳದ ಚರಿತ್ರೆ ದೀರ್ಘವಾದುದು. ಉದ್ಯಾನಕ್ಕೆ ಆವರಣ ಬಿದ್ದುದು 1433ರಲ್ಲಿ. ನದೀತೀರದ ಅರಮನೆಯಲ್ಲಿ 1491ರಲ್ಲಿ ಎಂಟನೆಯ ಹೆನ್ರಿಯೂ, 1533ರಲ್ಲಿ ಅವನ ಮಗಳು ಎಲಿಜಬೆತ್ ರಾಣಿಯೂ ಜನಿಸಿದರು. ಆ ಅರಮನೆ ಈಗಿಲ್ಲ. ಅದರ ಸ್ಥಾನದಲ್ಲಿ ಕ್ರಿಸ್ಟೋಫರ್ ರೆನ್ ಎಂಬ ಶಿಲ್ಪಿ ಮುಪ್ಪಾದ ನಾವಿಕರಿಗಾಗಿ ಯೋಜಿಸಿದ ಭವ್ಯ ಆಶ್ರಯಮಂದಿರವಿದೆ. ಹಿಂದಿರುವ 'ರಾಣಿಯ ಮನೆ'ಗೆ ನದಿಯ ನೋಟ ಮರೆಯಾಗಬಾರದೆಂದು ಈ ಕಟ್ಟಡವನ್ನು ನಡುವೆ ಜಾಗ ಬಿಟ್ಟು ಎರಡಾಗಿ ಕಟ್ಟಿದರು. ಇಲ್ಲಿಯ ಚಿತ್ರಮಂಟಪಕ್ಕೆ ಬಣ್ಣ ಬಳಿಯಲು ಥಾರ್ನ್‌ಹಿಲ್ ಎಂಬ ಕಲಾವಿದನು 19 ವರ್ಷ ದುಡಿದನಂತೆ. ನೆಲ್ಸನ್ ಸೇನಾಪತಿಯ ಶವವನ್ನು 1806ರಲ್ಲಿ ಇಲ್ಲಿಯೇ ಜನರ ದರ್ಶನಕ್ಕೆ ಇರಿಸಿದ್ದರು. ಅವನು ಮಡಿದಾಗ ತೊಟ್ಟಿದ್ದ ಅಂಗಿಯನ್ನು ಪಕ್ಕದ ನೌಕಾ ವಸ್ತುಸಂಗ್ರಹಾಲಯದಲ್ಲಿ ಕಂಡೆವು. ಎಡಭುಜದಲ್ಲಿ ಗುಂಡು ಹೊಕ್ಕ ತೂತು ಹಾಗೆಯೇ ಇದೆ.

ಮಧ್ಯಾಹ್ನ ಗುಡ್ಡದತ್ತ ನೋಡುತ್ತ ನಿಂತೆವು. ವೇಧಶಾಲೆಯ ಶಿಖರದ ಕೆಂಪು ಚೆಂಡು 12 ಗಂಟೆ 55 ನಿಮಿಷಕ್ಕೆ ಅರ್ಧಕ್ಕೆ ಏರಿ, 58ಕ್ಕೆ ತುದಿ ಮುಟ್ಟಿ, ಸರಿಯಾಗಿ ಒಂದು ಗಂಟೆಗೆ ಕೆಳಗೆ ಬಿದ್ದಿತು. ನದಿಯಲ್ಲಿ ನಿಂತ ಹಡಗುಗಳು ಗಡಿಯಾರ ಸರಿಪಡಿಸಿಕೊಳ್ಳಲೆಂದು 1833ರಲ್ಲಿ ಮಾಡಿದ ಏರ್ಪಾಡಿದು. ಹಡಗಿಗೂ ಗಡಿಯಾರಕ್ಕೂ ಏನು ಸಂಬಂಧ? ಅಕ್ಷಾಂಶವನ್ನು ಸೂರ್ಯನಿಂದಲೋ ಧ್ರುವನಕ್ಷತ್ರದಿಂದಲೋ ತಿಳಿಯಬಹುದು. ರೇಖಾಂಶ ತಿಳಿಯಬೇಕಾದರೆ ಎರಡು ಸ್ಥಳಗಳ ಕಾಲವ್ಯತ್ಯಾಸ ಗೊತ್ತಿರಬೇಕು. ಈ ಕೊರತೆಯನ್ನು ನೀಗಲೆಂದೇ ಎರಡನೆಯ ಚಾರ್ಲ್ಸ್ ದೊರೆ 1675ರಲ್ಲಿ ಈ ವೇಧಶಾಲೆಯನ್ನು ಸ್ಥಾಪಿಸಿದನು. ಆದರೂ 1707ರಲ್ಲಿ ತಾವೆಲ್ಲಿದ್ದೇವೆಂದು ತಿಳಿಯದೆ ನಾಲ್ಕು ಯುದ್ಧನೌಕೆಗಳು ಸಿಲಿ ದ್ವೀಪಗಳ ಬಂಡೆಗೆ ಬಡಿದು ಸಾವಿರಕ್ಕೂ ಹೆಚ್ಚು ಜನ ಮುಳುಗಿದರು. 1714ರಲ್ಲಿ ಪಾರ್ಲಿಮೆಂಟು 20,000 ಪೌಂಡುಗಳ ಬಹುಮಾನವನ್ನು ಸಾರಿತು. ಪಂಡಿತರು ಆಕಾಶ ನೋಡುತ್ತಿರಲು, ಜಾನ್ ಹ್ಯಾರಿಸನ್ ಎಂಬ ಬಡಗಿಯು ಕಡಲಿನ ಕುಲುಕಾಟಕ್ಕೆ ಕೆಡದ ಗಡಿಯಾರವನ್ನು ಮಾಡಿಯೇಬಿಟ್ಟನು. ಅವನ ನಾಲ್ಕನೆಯ ಗಡಿಯಾರ 1761ರಲ್ಲಿ ಜಮೈಕಾ ಯಾನಕ್ಕೆ ಹೊರಟು 81 ದಿನಗಳಲ್ಲಿ ತಪ್ಪಿದುದು ಸುಮಾರು ಐದು ಸೆಕೆಂಡು ಮಾತ್ರ. ಅಷ್ಟಾದರೂ ಉಳಿದ ಹಣ ದೊರೆಯುವಷ್ಟರಲ್ಲಿ ಅವನಿಗೆ 80 ವರ್ಷವಾಗಿದ್ದಿತು. ಆ ನಾಲ್ಕು ಗಡಿಯಾರಗಳೂ ಇಲ್ಲಿವೆ.

ಇನ್ನು ಆ ಗೆರೆ. ಅಂಗಳದ ಕಲ್ಲುಹಾಸಿನಲ್ಲಿ ಲೋಹದ ಪಟ್ಟಿಯೊಂದನ್ನು ಹುದುಗಿಸಿದ್ದಾರೆ. ಜನರು ಸಾಲುಗಟ್ಟಿ, ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಕಾಲಿಟ್ಟು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಜಾರ್ಜ್ ಏರಿ ಎಂಬ ಖಗೋಲಜ್ಞನ ದೂರದರ್ಶಕವು 1851ರಲ್ಲಿ ಕೆಲಸಕ್ಕೆ ತೊಡಗಿದ ಸ್ಥಾನವಿದು. ಅದಕ್ಕೆ ಮೊದಲಿನ ಬ್ರ್ಯಾಡ್ಲಿಯ ಗೆರೆ ಸುಮಾರು ಆರು ಮೀಟರು ಪಶ್ಚಿಮದಲ್ಲಿದೆ. ಒಂದೇ ಮನೆಯೊಳಗೆ ಗೆರೆಯು ಸ್ಥಳ ಬದಲಿಸಿದೆ! ಏರಿಯ ಗೆರೆಗೆ ಜಗನ್ಮನ್ನಣೆ ದೊರೆತುದು 1884ರ ವಾಷಿಂಗ್ಟನ್ ಸಮ್ಮೇಳನದಲ್ಲಿ. 25 ದೇಶಗಳ ಪೈಕಿ 22 ಒಪ್ಪಿದುವು, ಒಂದು ವಿರೋಧಿಸಿತು, ಫ್ರಾನ್ಸ್ ಮತ್ತು ಬ್ರೆಜಿಲ್ ತಟಸ್ಥವಾದುವು. ಗ್ರೀನಿಚ್ಚಿನ ಮಣ್ಣಿಗೆ ವಿಶೇಷ ಗುಣವಿತ್ತೆಂದಲ್ಲ. ಬಹುಪಾಲು ಹಡಗುಗಳು ಆಗಲೇ ಅಲ್ಲಿಯ ಲೆಕ್ಕವನ್ನು ಬಳಸುತ್ತಿದ್ದುವು.

ಅಷ್ಟರಲ್ಲಿ ಮಗಳು ತನ್ನ ಮೊಬೈಲು ಫೋನನ್ನು ನೋಡಿ, "ಅಪ್ಪ, ಇಲ್ಲಿ ಸೊನ್ನೆ ಇಲ್ಲ!" ಎಂದಳು. ಏರಿಯು 'ನೆಟ್ಟಗೆ' ಎಂಬುದನ್ನು ಪಾದರಸದ ತೊಟ್ಟಿಯಿಂದ ನಿರ್ಧರಿಸುತ್ತಿದ್ದನು. ಸ್ಥಳದ ಗುರುತ್ವಾಕರ್ಷಣೆಯ ಓರೆ ಅದರಲ್ಲಿ ಸೇರಿತ್ತು. ಇಂದಿನ ಉಪಗ್ರಹಗಳು ಭೂಕೇಂದ್ರದಿಂದ ಎಣಿಸುತ್ತವೆ. ಆದಕಾರಣ ಇಂದಿನ ಸೊನ್ನೆ 102 ಮೀಟರು ಪೂರ್ವಕ್ಕೆ, ಉದ್ಯಾನದ ಹುಲ್ಲಿನಲ್ಲಿದೆ. ಅಲ್ಲಿಗೂ ಹೋದೆವು. ಮಕ್ಕಳು ಚೆಂಡಾಡುತ್ತಿದ್ದರು, ಸಾಲಿನಲ್ಲಿ ನಿಂತವರು ಯಾರೂ ಇರಲಿಲ್ಲ.

ನಮ್ಮ ನಾಡಿಗೂ ಈ ಗೆರೆಗೂ ನಂಟುಂಟು. ಶ್ರೀರಂಗಪಟ್ಟಣದ ಪತನಾನಂತರ 1800ರಲ್ಲಿ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ಮೋಜಣಿ ತೊಡಗಿದನು; ಅದರ ರೇಖಾಂಶಗಳನ್ನು ಮದರಾಸು ವೇಧಶಾಲೆಯಿಂದ ಎಣಿಸುತ್ತಿದ್ದರು. 1906ರಲ್ಲಿ ಇಂಡಿಯಾದ ಪ್ರಮಾಣಕಾಲವನ್ನು ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದೆ, 82½ ಡಿಗ್ರಿಗೆ, ಗೊತ್ತುಮಾಡಿದರು. ಕಾಸರಗೋಡು ಇರುವುದು ಹೆಚ್ಚುಕಡಮೆ 75 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯನು ಅರ್ಧ ಗಂಟೆ ಹಿಂದೆ. ನೆತ್ತಿಗೆ ಬರುವುದು ಸುಮಾರು ಹನ್ನೆರಡೂವರೆಗೆ. ಶಾಲೆಯಂಗಳದಲ್ಲಿ ಕೋಲು ನೆಟ್ಟರೆ ನೆರಳೇ ಇದನ್ನು ಹೇಳುತ್ತದೆ.

ಪ್ರಶ್ನೆ ಕೇಳಿದ ಹುಡುಗನು ಈಗ ದೊಡ್ಡವನಾಗಿ ಊರುಬಿಟ್ಟಿದ್ದಾನೆ. ಅವನಿಗೆ ಹೇಳಬೇಕಾಗಿದ್ದ ಉತ್ತರವನ್ನು ಈಗ ಪಾಠ ಹೇಳುತ್ತಿರುವ ಮಿತ್ರರ ಮುಂದಿಡುತ್ತೇನೆ. ಗೆರೆಯು ನೆಲದಲ್ಲಿ ಹುಟ್ಟಿದುದಲ್ಲ. ಮನುಷ್ಯರು ಕೆಲಸಕ್ಕಾಗಿ ಎಳೆದು, ಕೂಡಿ ಒಪ್ಪಿಕೊಂಡುದು. ಸಮುದ್ರದ ಗೆರೆಗೆ 1884 ಇದ್ದಂತೆ ನಮ್ಮೂರ ಗೆರೆಗೆ 1956 ಇದೆ. ಗಡಿನಾಡಿನ ಮಗುವಿಗೆ ನಕಾಶೆ ತೋರಿಸುವಾಗ ಗೆರೆಯೊಡನೆ ಅದರ ವರ್ಷವನ್ನೂ, ಎಳೆದವರನ್ನೂ, ಎಳೆದ ಕಾರಣವನ್ನೂ ಹೇಳೋಣ. ಗೆರೆಯಾಚೆಗೂ ಅಜ್ಜಿಮನೆ ಇದೆಯೆಂಬುದನ್ನು ಆ ಮಗುವೇ ನಮಗೆ ಹೇಳುತ್ತದೆ.