ಎರಡು ಆಂಟಿವೈರಸ್ ಹಾಕಿಕೊಂಡರೆ ಎರಡು ಪಟ್ಟು ರಕ್ಷಣೆ ಸಿಗುತ್ತದೆಯೇ?

ಹೊಸ ಕಂಪ್ಯೂಟರ್ ಕೊಳ್ಳಲು ಹೋದಾಗ ಅಂಗಡಿಯವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಆಂಟಿವೈರಸ್ ಹಾಕಿಕೊಡ್ಲಾ ಸಾರ್?" ಬೇಕೋ ಬೇಡವೋ ಗೊತ್ತಾಗದೆ ನಾವು "ಹೂಂ" ಎನ್ನುತ್ತೇವೆ. ನಿಜಕ್ಕೂ ಅದು ಬೇಕೇ? ಬೇಕಿದ್ದರೆ ಯಾವುದು, ಎಷ್ಟು? ಈ ಬಗ್ಗೆ ಜನರಲ್ಲಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ಆಂಟಿವೈರಸ್ ಬೇರೆ, ಆಂಟಿ-ಮಾಲ್‌ವೇರ್ ಬೇರೆಯೇ?

ಕಂಪ್ಯೂಟರಿಗೆ ಕೇಡು ಮಾಡುವ ಎಲ್ಲ ಕುತಂತ್ರಾಂಶಗಳಿಗೂ ಮಾಲ್‌ವೇರ್ ಎಂದು ಹೆಸರು. ವೈರಸ್ ಅದರಲ್ಲಿ ಒಂದು ಬಗೆ ಮಾತ್ರ. ಒಳ್ಳೆಯ ತಂತ್ರಾಂಶದ ವೇಷದಲ್ಲಿ ಬರುವ ಟ್ರೋಜನ್, ಗುಟ್ಟಾಗಿ ಮಾಹಿತಿ ಕದಿಯುವ ಸ್ಪೈವೇರ್, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಇವೆಲ್ಲ ಇನ್ನುಳಿದ ಬಗೆಗಳು. ಇಂದಿನ ಆಂಟಿವೈರಸ್‌ಗಳು ಇವೆಲ್ಲವನ್ನೂ ಹುಡುಕುತ್ತವೆ. ಹಳೆಯ ಹೆಸರು ಮಾತ್ರ ಉಳಿದುಕೊಂಡಿದೆ.

ಎರಡಿದ್ದರೆ ಹೆಚ್ಚು ಭದ್ರವೇ?

ಇಲ್ಲ. ಆಂಟಿವೈರಸ್ ನಾವು ತೆರೆಯುವ ಪ್ರತಿ ಕಡತವನ್ನೂ ಆ ಕ್ಷಣವೇ ತಡೆದು ಪರೀಕ್ಷಿಸುತ್ತದೆ. ಇಂತಹ ಇಬ್ಬರು ಕಾವಲುಗಾರರು ಒಂದೇ ಬಾಗಿಲಲ್ಲಿ ನಿಂತರೆ ಕಂಪ್ಯೂಟರ್ ನಿಧಾನವಾಗುತ್ತದೆ. ಕೆಲವೊಮ್ಮೆ ಒಬ್ಬರು ಇನ್ನೊಬ್ಬರನ್ನೇ ಕಳ್ಳನೆಂದು ಹಿಡಿಯುವುದೂ ಉಂಟು. ಸದಾ ಕಾಯಲು ಒಂದೇ ಸಾಕು. ಅನುಮಾನ ಬಂದಾಗ ಮಾತ್ರ ಓಡಿಸುವ ಮತ್ತೊಂದು ಸ್ಕ್ಯಾನರ್ ಇಟ್ಟುಕೊಂಡರೆ ತೊಂದರೆಯಿಲ್ಲ.

ಉಚಿತವಾದದ್ದು ಪ್ರಯೋಜನವಿಲ್ಲವೇ?

2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಆಂಟಿವೈರಸ್ ವಿಂಡೋಸ್ ಜೊತೆಯಲ್ಲೇ ಬರುತ್ತಿದೆ. ಬೇರೆ ಆಂಟಿವೈರಸ್ ಹಾಕಿದರೆ ಅದು ತಾನಾಗಿಯೇ ಬದಿಗೆ ಸರಿಯುತ್ತದೆ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಎಂಬ ಸಂಸ್ಥೆಗಳು ಆಂಟಿವೈರಸ್‌ಗಳನ್ನು ನಿಯಮಿತವಾಗಿ ಪರೀಕ್ಷಿಸಿ ಫಲಿತಾಂಶವನ್ನು ತಮ್ಮ ಜಾಲತಾಣಗಳಲ್ಲಿ ಹಾಕುತ್ತವೆ. ಜಾಹೀರಾತು ನಂಬುವ ಬದಲು ಅದನ್ನು ನೋಡುವುದು ಒಳ್ಳೆಯದು. ಇತ್ತೀಚಿನ ವರ್ಷಗಳ ಇಂತಹ ಪರೀಕ್ಷೆಗಳಲ್ಲಿ ಡಿಫೆಂಡರ್ ಒಳ್ಳೆಯ ಅಂಕಗಳನ್ನೇ ಪಡೆದಿದೆ. ಸಾಮಾನ್ಯ ಮನೆಬಳಕೆಗೆ ಅದು ಸಾಕು. ದುಡ್ಡು ಕೊಟ್ಟಾಗ ಹೆಚ್ಚಾಗಿ ಸಿಗುವುದು ಮಕ್ಕಳ ಬಳಕೆಯ ಮೇಲಿನ ನಿಯಂತ್ರಣ, ಪಾಸ್‌ವರ್ಡ್ ನಿರ್ವಹಣೆ, ಫೋನಿನಲ್ಲಿ ನೆರವು ಇಂತಹ ಸೌಲಭ್ಯಗಳು. ಅವು ನಿಮಗೆ ಬೇಕಿದ್ದರೆ ಕೊಳ್ಳಿ.

ಆದರೆ ಉಚಿತವೆಂದ ಮಾತ್ರಕ್ಕೆ ಕಣ್ಣುಮುಚ್ಚಿ ಹಾಕಿಕೊಳ್ಳಬಾರದು. ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಮಾರಿದ ಪ್ರಕರಣದಲ್ಲಿ ಅವಾಸ್ಟ್ ಕಂಪನಿ 1.65 ಕೋಟಿ ಡಾಲರ್ ಕಟ್ಟಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಹೇಳಿತು.

ಆಂಟಿವೈರಸ್ ಇದ್ದರೆ ಸಾಕೇ?

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಹರಡಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಅದು ಒಳನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಕೊಟ್ಟಿತ್ತು! ಅದನ್ನು ಹಾಕಿಕೊಂಡಿದ್ದ ಕಂಪ್ಯೂಟರುಗಳಿಗೆ ಆ ಕಿಂಡಿಯಿಂದ ವಾನಾಕ್ರೈ ನುಗ್ಗಲಾಗಲಿಲ್ಲ. ಹಾಗಾಗಿ "ಅಪ್‌ಡೇಟ್ ಮಾಡಿ" ಎಂಬ ಸೂಚನೆಯನ್ನು ನಾಳೆಗೆ ತಳ್ಳುತ್ತಾ ಹೋಗುವವರನ್ನು ಎಷ್ಟೇ ದುಬಾರಿ ಆಂಟಿವೈರಸ್ ಕೂಡ ಪೂರ್ತಿಯಾಗಿ ಕಾಪಾಡಲಾರದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ ನೆನಪಿಡಿ.

"ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ" ಎನ್ನುವ ಕ್ರ್ಯಾಕ್ ಮಾಡಿದ ತಂತ್ರಾಂಶಗಳಂತೂ ಕಳ್ಳನಿಗೆ ನಾವೇ ಬೀಗದ ಕೈ ಕೊಟ್ಟ ಹಾಗೆ.

ಕಚೇರಿಗೆ ಏನು?

ಮನೆಬಳಕೆಯ ಎಷ್ಟೋ ಉಚಿತ ಆಂಟಿವೈರಸ್‌ಗಳನ್ನು ವ್ಯಾಪಾರಕ್ಕೆ ಬಳಸಲು ಪರವಾನಗಿ ಇರುವುದಿಲ್ಲ. ನಿಯಮ ಓದಿ ನೋಡಬೇಕು. ಹತ್ತಾರು ಕಂಪ್ಯೂಟರುಗಳಿದ್ದರೆ ಎಲ್ಲವನ್ನೂ ಒಂದೇ ಕಡೆಯಿಂದ ಗಮನಿಸಲು ಸಾಧ್ಯವಾಗುವ ವ್ಯವಹಾರ ಆವೃತ್ತಿ ಕೊಳ್ಳುವುದು ಲೇಸು. ದಿನನಿತ್ಯದ ಕೆಲಸಕ್ಕೆ ಸಿಬ್ಬಂದಿಗೆ ಅಡ್ಮಿನ್ ಅಧಿಕಾರ ಕೊಡಬೇಡಿ.

ಕಾವಲುಗಾರನೇ ಎಡವುವುದೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಟ್ಟು ನಿಂತವು. ಆದ್ದರಿಂದ ಬಿಲ್ಲು, ಲೆಕ್ಕಪತ್ರ, ಮನೆಯ ಫೋಟೋಗಳ ಪ್ರತಿಯೊಂದನ್ನು ಬೇರೆ ಹಾರ್ಡ್‌ಡಿಸ್ಕಿನಲ್ಲಿಡಿ. ಪ್ರತಿ ಮಾಡಿದ ಮೇಲೆ ಅದನ್ನು ಕಂಪ್ಯೂಟರಿನಿಂದ ಬಿಚ್ಚಿಡಿ. ಸಿಕ್ಕಿಸಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ.

"ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ಈ ನಂಬರಿಗೆ ಕರೆ ಮಾಡಿ" ಎಂಬ ಸಂದೇಶ ಬಂದರೆ?

ಯಾವ ಜಾಲಪುಟಕ್ಕೂ ನಿಮ್ಮ ಕಂಪ್ಯೂಟರಿನ ಒಳಗಿರುವ ಕಡತಗಳನ್ನು ತಾನಾಗಿಯೇ ಪರೀಕ್ಷಿಸಲು ಆಗುವುದಿಲ್ಲ. ಅದು ವಂಚನೆ. ಕರೆ ಮಾಡದೆ ಬ್ರೌಸರ್ ಮುಚ್ಚಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಿ. ಕಂಪ್ಯೂಟರಿಗೆ ಸೋಂಕು ತಗಲಿದ ಅನುಮಾನವಿದ್ದರೆ ಇಂಟರ್ನೆಟ್ ಸಂಪರ್ಕ ಕಡಿದು ಪೂರ್ತಿ ಸ್ಕ್ಯಾನ್ ಮಾಡಿ. ಸ್ವಚ್ಛಗೊಳಿಸುವ ಉಚಿತ ಸಾಧನಗಳು ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲೂ ಸಿಗುತ್ತವೆ.

ಒಟ್ಟಿನಲ್ಲಿ, ಚಾಲ್ತಿಯಲ್ಲಿರುವ ಒಂದು ಆಂಟಿವೈರಸ್, ಹೊತ್ತಿಗೆ ಸರಿಯಾದ ಅಪ್‌ಡೇಟ್, ಬೇರೆಡೆ ಇಟ್ಟ ಒಂದು ಪ್ರತಿ ಇವು ಮೂರೂ ಬೇಕು. ಅಂಗಡಿಯವರು ಮುಂದಿನ ಸಲ ಕೇಳಿದಾಗ ನಿಮಗೆ ಯಾವ ಸೌಲಭ್ಯ ಬೇಕೆಂದು ನೀವೇ ಹೇಳಬಹುದು.