ತಾತ ಹಾಕಿದ ಬೀಗ, ಟ್ರಸ್ಟಿಗಳ ಪೀಕಲಾಟ

ಕೆಸರೆಯಲ್ಲೊಬ್ಬ ತಾತ ಇದ್ದರು ಅಂತ ಇಟ್ಕೊಳ್ಳಿ. ಜಮೀನು, ನಾಲ್ಕು ಬಾಡಿಗೆ ಮನೆ ಮಾಡಿದ್ದರು. ಮಕ್ಕಳು ಮಾರಿ ತಿಂದುಬಿಡ್ತಾರೆ ಅನ್ನೋ ಭಯಕ್ಕೆ ಎಲ್ಲವನ್ನೂ ಟ್ರಸ್ಟಿಗೆ ಬರೆದು ಕಣ್ಮುಚ್ಚಿದರು. ಈಗ ಮನೆಯವರು ಒಬ್ಬರ ಮುಖ ಒಬ್ಬರು ನೋಡಲ್ಲ. ಅರ್ಧ ಜನ ‘ಟ್ರಸ್ಟ್ ಮುಚ್ಚಿ, ಪಾಲು ಕೊಡಿ’ ಅಂತಾರೆ. ಇನ್ನರ್ಧ ಜನ ‘ಮುಟ್ಟಿದ್ರೆ ಕೇಸು’ ಅಂತಾರೆ. ಹಂಚಿದರೂ ತಪ್ಪು, ಹಂಚದಿದ್ದರೂ ತಪ್ಪು. ಟ್ರಸ್ಟಿಗಳಿಗೆ ಉಳಿಯೋದು, ‘ಸ್ವಾಮಿ, ನಾವೇನು ಮಾಡಬೇಕು ನೀವೇ ಹೇಳಿ’ ಅಂತ ಕೋರ್ಟ್ ಮೆಟ್ಟಿಲು ಹತ್ತೋ ದಾರಿ.

ಈ ಪೀಕಲಾಟ ಹೊಸದಲ್ಲ. ಲಂಡನ್ನಿನ ಸಿರಿವಂತ ವ್ಯಾಪಾರಿ ಪೀಟರ್ ಥೆಲಸನ್ 1797ರಲ್ಲಿ ತೀರಿಕೊಂಡ. ಹೆಂಡತಿ ಮಕ್ಕಳಿಗೆ ಸುಮಾರು 1 ಲಕ್ಷ ಪೌಂಡ್ ಬಿಟ್ಟು, ಉಳಿದ ಸುಮಾರು 6 ಲಕ್ಷ ಪೌಂಡಿನ ಆಸ್ತಿಯನ್ನು ಟ್ರಸ್ಟಿಗಳ ಕೈಗಿಟ್ಟಿದ್ದ. ಷರತ್ತು ಏನು ಗೊತ್ತಾ? ತಾನು ಸಾಯುವಾಗ ಇರುವ ಗಂಡು ಸಂತತಿಯಲ್ಲಿ ಕಟ್ಟಕಡೆಯವನು ಸಾಯುವವರೆಗೂ ಅದರಲ್ಲಿ ಯಾರಿಗೂ ಬಿಡಿಗಾಸು ಸಿಗಬಾರದು. ಆದಾಯಕ್ಕೆ ಆದಾಯ ಸೇರಿ ಆಸ್ತಿ ಬೆಳೆಯುತ್ತಲೇ ಇರಬೇಕು!

ಹೆಂಡತಿ ಮಕ್ಕಳು ಸುಮ್ಮನಿರ್ತಾರಾ? ಉಯಿಲು ರದ್ದು ಮಾಡಿ ಅಂತ ದಾವೆ ಹೂಡಿದರು. ಇತ್ತ ಟ್ರಸ್ಟಿಗಳೂ ಕೋರ್ಟಿಗೆ ಹೋದರು: ನಿಮ್ಮ ನಿರ್ದೇಶನದ ಪ್ರಕಾರವೇ ಟ್ರಸ್ಟ್ ನಡೆಸುತ್ತೇವೆ ಅಂತ. 1799ರಲ್ಲಿ ಉಯಿಲು ಊರ್ಜಿತ ಅಂತ ತೀರ್ಪು ಬಂತು; 1805ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕೂಡ ಅದನ್ನೇ ಎತ್ತಿಹಿಡಿಯಿತು. ಗಾಬರಿಬಿದ್ದ ಪಾರ್ಲಿಮೆಂಟ್ 1800ರಲ್ಲೇ ಇಂಥ ಕೂಡಿಡುವಿಕೆಗೆ ಕಡಿವಾಣ ಹಾಕಿತ್ತು. ಆದರೆ ಥೆಲಸನ್ ಮನೆಯ ಬೀಗ ಮಾತ್ರ ಹಾಗೇ ಉಳಿಯಿತು.

ಕೊನೆಯ ಮೊಮ್ಮಗ ಸತ್ತಿದ್ದು 1856ರಲ್ಲಿ. ಅಲ್ಲಿಗಾದರೂ ಮುಗೀತಾ? ಇಲ್ಲ. ‘ಹಿರಿಯ ಸಂತಾನ’ ಅಂದರೆ ವಯಸ್ಸಿನಲ್ಲಿ ಹಿರಿಯನೋ, ಹಿರಿಮಗನ ಶಾಖೆಯವನೋ ಅಂತ ಮತ್ತೆ ಜಗಳ. 1859ರಲ್ಲಿ ಲಾರ್ಡ್ಸ್ ಅದನ್ನು ಬಗೆಹರಿಸಿತು. ನನ್ನೊಳಗಿನ ಎಂಜಿನಿಯರ್ ಸುಮ್ಮನಿರಲಿಲ್ಲ, ಚಕ್ರಬಡ್ಡಿ ಲೆಕ್ಕ ಹಾಕಿದೆ. ವರ್ಷಕ್ಕೆ ಶೇ. 5ರಂತೆ 59 ವರ್ಷಕ್ಕೆ 6 ಲಕ್ಷ ಪೌಂಡ್ 1 ಕೋಟಿ ದಾಟಬೇಕಿತ್ತು. ವಾಸ್ತವದಲ್ಲಿ ಕೈಗೆ ಬಂದದ್ದು ಮುದುಕ ಬಿಟ್ಟುಹೋದಾಗ ಇದ್ದದ್ದಕ್ಕಿಂತ ಹೆಚ್ಚೇನೂ ಅಲ್ಲ. ಬೆಳೆದದ್ದನ್ನೆಲ್ಲ ಕೋರ್ಟ್ ಖರ್ಚು ಮತ್ತು ಕೆಟ್ಟ ನಿರ್ವಹಣೆ ತಿಂದುಹಾಕಿದ್ದವು.

ನಮ್ಮಲ್ಲಿ? ಖಾಸಗಿ ಟ್ರಸ್ಟುಗಳಿಗೆ 1882ರ ಭಾರತೀಯ ನ್ಯಾಸ ಕಾಯ್ದೆ ಇದೆ. ಉದ್ದೇಶ ಪೂರ್ತಿ ಈಡೇರಿದರೆ, ಅದು ಕಾನೂನುಬಾಹಿರವಾದರೆ, ಈಡೇರಿಸುವುದು ಅಸಾಧ್ಯವಾದರೆ, ಇಲ್ಲಾ ಹಿಂಪಡೆಯಬಹುದಾದ ಟ್ರಸ್ಟನ್ನು ಹಿಂಪಡೆದರೆ ಟ್ರಸ್ಟ್ ಕೊನೆಯಾಗುತ್ತದೆ ಅನ್ನುತ್ತೆ 77ನೇ ಕಲಂ. ಗಮನಿಸಿ, ‘ಮನೆಯವರು ಜಗಳ ಆಡಿದರೆ’ ಅನ್ನೋದು ಆ ಪಟ್ಟಿಯಲ್ಲಿಲ್ಲ. ಪಾಲುದಾರರೆಲ್ಲ ಒಪ್ಪಿದರೆ ತಾತನ ಷರತ್ತು ಬದಲಿಸಲು 11ನೇ ಕಲಂ ಜಾಗ ಕೊಡುತ್ತದೆ. ಅಪ್ರಾಪ್ತ ಮೊಮ್ಮಗುವಿನ ಪರವಾಗಿ ಕೋರ್ಟೇ ಒಪ್ಪಿಗೆ ಕೊಡಬಹುದು. ಆದರೆ ‘ಎಲ್ಲ’ ಅಂದರೆ ಎಲ್ಲರೂ. ಒಬ್ಬ ಚಿಕ್ಕಪ್ಪ ಮುನಿಸಿಕೊಂಡು ಕೂತರೂ ಆ ದಾರಿ ಬಂದ್.

ಇನ್ನು 34ನೇ ಕಲಂ. ಟ್ರಸ್ಟಿ ದಾವೆ ಹೂಡದೆ, ಬರೀ ಅರ್ಜಿ ಹಾಕಿ ಜಿಲ್ಲಾ ಕೋರ್ಟಿನ ಸಲಹೆ ಅಥವಾ ನಿರ್ದೇಶನ ಕೇಳಬಹುದು. ಸತ್ಯ ಮುಚ್ಚಿಡದೆ ಕೇಳಿ ಅದರಂತೆ ನಡೆದರೆ ಆ ವಿಷಯದಲ್ಲಿ ಅವನು ತನ್ನ ಕರ್ತವ್ಯ ಮಾಡಿದಂತೆಯೇ. ನಾಳೆ ಅಣ್ಣತಮ್ಮಂದಿರು ಕೊರಳಪಟ್ಟಿ ಹಿಡಿಯುವಂತಿಲ್ಲ. ಆದರೆ ಅದು ಟ್ರಸ್ಟಿನ ನಿರ್ವಹಣೆಯ ಪ್ರಶ್ನೆಗಳಿಗೆ ಮಾತ್ರ. ಯಾರಿಗೆಷ್ಟು ಪಾಲು, ತಾತ ಬರೆದದ್ದು ಸಿಂಧುವೋ ಅಲ್ಲವೋ ಅನ್ನುವಂಥ ಜಟಿಲ ವ್ಯಾಜ್ಯವನ್ನು ಈ ಚಿಕ್ಕ ಅರ್ಜಿಯಲ್ಲಿ ತೀರ್ಮಾನಿಸಿಕೊಳ್ಳೋಕೆ ಆಗಲ್ಲ. ಅದಕ್ಕೆ ಸಾಕ್ಷಿ, ಪಾಟೀಸವಾಲು ಎಲ್ಲ ಇರುವ ಪೂರ್ಣ ದಾವೆಯೇ ಆಗಬೇಕು. ಅಲ್ಲಿಯತನಕ ಬಾಡಿಗೆ ವಸೂಲಿ, ಕಂದಾಯ, ಸೋರುವ ಸೂರು ಎಲ್ಲ ಟ್ರಸ್ಟಿಗಳ ತಲೆ ಮೇಲೇ.